ಅಮ್ಮ ಹೋದ ಮೇಲೂ ಉಳಿದ ಕೆಮ್ಮು

ಶೆಟ್ಟಿಹಳ್ಳಿಯ ಮುನೀಂದ್ರ ಲಿಫ್ಟ್ ರಿಪೇರಿ ಮಾಡುವವನು. ಜಕ್ಕೂರಿನ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ನಿಂತರೆ ಅವನಿಗೇ ಫೋನು. ಲಿಫ್ಟ್ ಕೆಟ್ಟಿರುವಾಗ ಟೆರೇಸಿನ ಮೋಟಾರ್ ರೂಮಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ನಲವತ್ತು ದಾಟಿದ್ದರೂ ಮುನೀಂದ್ರ ಟೂಲ್ ಬ್ಯಾಗನ್ನು ಹೆಗಲಿಗೇರಿಸಿ, ಜೊತೆಯ ಕೆಲಸಗಾರ ವಹಾಬನನ್ನು ಹಿಂದೆ ಬಿಟ್ಟು, ಹಾಡು ಗುನುಗುತ್ತ ಹತ್ತುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಮಗಳು ಮೋನಿಕಾ ಶಾಲೆಯಿಂದ ಸೀತಾಳೆ ಸಿಡುಬು ಅಂಟಿಸಿಕೊಂಡು ಬಂದಳು. ಅವಳಿಗೆ ನಾಲ್ಕಾರು ಗುಳ್ಳೆ ಎದ್ದು ವಾರದಲ್ಲಿ ಒಣಗಿದವು. ಅಪ್ಪನಿಗೆ ಬಂದದ್ದು ಹಾಗಿರಲಿಲ್ಲ. ರೆಪ್ಪೆಯ ಮೇಲೆ, ನಾಲಿಗೆಯ ಮೇಲೆ, ಅಂಗಾಲಿನಲ್ಲೂ ಗುಳ್ಳೆ. ಮೈ ಕೆಂಡದಂತೆ ಸುಡುತ್ತಿತ್ತು. ತಾಯಿ ಮುನಿವೆಂಕಟಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅಡುಗೆಗೆ ಒಗ್ಗರಣೆ ಹಾಕುವುದನ್ನೇ ನಿಲ್ಲಿಸಿದಳು. ಅವಳ ಪಾಲಿಗೆ ಅದು ಕಾಯಿಲೆಯಲ್ಲ, ಮನೆಗೆ ಬಂದ ದೇವಿ. ಮಗ ಉಸಿರಿಗೆ ಒದ್ದಾಡತೊಡಗಿದಾಗ ಸೊಸೆ ಆಸ್ಪತ್ರೆಯ ಮಾತೆತ್ತಿದಳು.

"ಅಮ್ಮ ಬಂದವ್ಳೆ. ಸೂಜಿಗೀಜಿ ಚುಚ್ಚಿಸಿದ್ರೆ ಮುನಿಸ್ಕೊಂತಾಳೆ. ಸುಮ್ಕಿರು" ಎಂದು ಮುದುಕಿ ಗದರಿದಳು.

ಹೇಗೋ ಗುಳ್ಳೆಗಳು ಉದುರಿದವು. ಬೇವು, ಅರಿಶಿನ ಹಾಕಿದ ನೀರೆರೆದು, ಮೊಸರನ್ನದ ಎಡೆಯಿಟ್ಟು, ದೇವಿಯನ್ನು ಕಳಿಸಿಕೊಟ್ಟದ್ದೂ ಆಯಿತು. ಕೆಮ್ಮು ಮಾತ್ರ ಹೋಗಲಿಲ್ಲ. ಒಣಕೆಮ್ಮು, ಶುರುವಾದರೆ ಕಣ್ಣಲ್ಲಿ ನೀರು ತರಿಸದೆ ಬಿಡದು. ಆಳವಾಗಿ ಉಸಿರೆಳೆದರೆ ಎದೆಯನ್ನು ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ.

"ಅವ್ವಾ, ಎದೆ ಯಾಕೋ ಬಿಗೀತದೆ."

"ಅಮ್ಮ ಹೋದ ಮ್ಯಾಲೆ ಇಂಗೆಲ್ಲಾ ಗೊಣಗ್ಬಾರ್ದು ಕಣೋ. ಅವ್ಳು ಕೇಳಿಸ್ಕೊಂತಾಳೆ."

ಅಂದಿನಿಂದ ಅವನು ಹೇಳುವುದನ್ನೇ ಬಿಟ್ಟ. ಮನೆಯಲ್ಲಿ ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದ. ಕೆಲಸದಲ್ಲಿ, "ಧೂಳು ಕಣೋ" ಎನ್ನುತ್ತಿದ್ದ.

ಮಳೆಗಾಲ ಶುರುವಾದ ಮೇಲೊಂದು ದಿನ ಕೆರೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಮುನೀಂದ್ರ ಮೆಟ್ಟಿಲು ಹತ್ತಿದ. ಅರ್ಧಕ್ಕೇ ಏದುಸಿರು ಹತ್ತಿತು. ಇನ್ನೊಂದು ಮಹಡಿ ಏರುವಷ್ಟರಲ್ಲಿ ಎದೆ ಬಿಗಿದು, ಅವನು ಗೋಡೆ ಹಿಡಿದು ಕುಸಿದು ಕೂತ. ಅಲ್ಲೇ ಎದುರಿನ ಲಿಫ್ಟಿನ ಬಾಗಿಲ ಹಿಂದೆ ಆಕೆ ತಟ್ಟುತ್ತಿದ್ದಳು.

"ಯಾರಾದ್ರೂ ಇದೀರಾ? ಪ್ಲೀಸ್, ಯಾರಾದ್ರೂ ಮಾತಾಡಿ!"

ಇದ್ದೀನಮ್ಮಾ ಅನ್ನಬೇಕೆಂದರೆ ಬಾಯಿಂದ ಬರೀ ಕೆಮ್ಮು ಬಂತು. ಆಕೆ ಅಳುವುದು ಕೇಳುತ್ತಿತ್ತು. ಹತ್ತಡಿ ದೂರದಲ್ಲಿದ್ದೂ ಅವನಿಂದ ಏನೂ ಆಗಲಿಲ್ಲ. ಕೊನೆಗೆ ವಹಾಬನಿಗೆ ಫೋನ್ ಒತ್ತಿದ. ಪಕ್ಕದ ಬ್ಲಾಕಿನಿಂದ ಓಡಿ ಬಂದ ವಹಾಬ್ ಅವನನ್ನು ದಾಟಿಕೊಂಡು ಮೇಲೆ ಹೋಗಿ ಲಿಫ್ಟನ್ನು ಆ ಮಹಡಿಗೇ ಇಳಿಸಿದ. ಹೊರಬಂದ ಹೆಂಗಸು ಮುನೀಂದ್ರನನ್ನು ನೋಡಿ, "ಇಲ್ಲೇ ಕೂತಿದ್ರಾ? ಒಂದ್ ಮಾತಾಡ್ಬಾರ್ದಿತ್ತಾ?" ಎಂದಳು.

ವಹಾಬ್ ಅವನನ್ನು ಬೈಕಿನಲ್ಲಿ ಮನೆಗೆ ಕರೆತಂದ. "ಅಮ್ಮಾ, ಇವನಿಗೆ ಉಸಿರೇ ಸಿಗ್ತಾ ಇಲ್ಲ. ನೀವೇ ನೋಡಿ" ಎಂದ. ಮುನಿವೆಂಕಟಮ್ಮ ಮಗನ ಬೆನ್ನಿನ ಮೇಲೆ ಕೈಯಿಟ್ಟಳು. ಬೆನ್ನು ಏಳುತ್ತ ಬೀಳುತ್ತ ಇದ್ದದ್ದು ಅವಳ ಅಂಗೈಗೆ ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಅವಳೇ ಒಳ್ಳೆಯ ಸೀರೆ ಉಟ್ಟು ಹೊರಟು ನಿಂತಳು.

"ನಡಿ, ಆಸ್ಪತ್ರೆಗೆ. ಅಮ್ಮ ಯಾವತ್ತೋ ಹೋದ್ಲು. ಇದು ಅವ್ಳದ್ದಲ್ಲ."

ಡಾಕ್ಟರು ಸ್ಕ್ಯಾನ್ ಮಾಡಿಸಿದರು, ಕೊಳವೆಯೊಂದಕ್ಕೆ ಊದಿಸಿ ಉಸಿರಿನ ಬಲ ನೋಡಿದರು. ದೊಡ್ಡವರಿಗೆ ಸೀತಾಳೆ ಸಿಡುಬು ಬಂದರೆ ಕೆಲವರಲ್ಲಿ ಶ್ವಾಸಕೋಶಕ್ಕೂ ಇಳಿಯುತ್ತದೆ, ನಿಮಗೆ ಹಾಗೇ ಆಗಿದೆ, ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಪೂರ್ತಿ ಮೊದಲಿನಂತಾಗುತ್ತೀರೆಂದು ಹೇಳಲಾರೆ ಎಂದರು.

"ಉಸಿರು ಕಟ್ಟಿದಾಗ್ಲೇ ಯಾಕ್ರೀ ಬರ್ಲಿಲ್ಲ?"

ಮುನಿವೆಂಕಟಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನೇ ಬೇಡ ಅಂದೆ ಸಾರ್. ಭಯ ಆಗಿತ್ತು" ಎಂದ ಮುನೀಂದ್ರ.



ಈಗ ಅವನಿಗೆ ಹೆಬ್ಬಾಳದ ಆಫೀಸಿನಲ್ಲಿ ದೂರಿನ ಫೋನುಗಳನ್ನು ಎತ್ತುವ ಕೆಲಸ. ಮೆಟ್ಟಿಲು ವಹಾಬನ ಪಾಲಾಗಿದೆ. ಕೆಮ್ಮು ಅಷ್ಟಿಷ್ಟು ಇಳಿದಿದೆ, ಉಸಿರು ಇನ್ನೂ ಸಾಲದು. ಭಾನುವಾರ ಮನೆಯಲ್ಲಿದ್ದಾಗ ಒಮ್ಮೊಮ್ಮೆ ಕೆಮ್ಮು ಒತ್ತರಿಸಿ ಬರುತ್ತದೆ. ಆಗ ಮುನಿವೆಂಕಟಮ್ಮ ಊಟದ ತಟ್ಟೆಯನ್ನು ಅಲ್ಲೇ ಬಿಟ್ಟೆದ್ದು ಹಿತ್ತಿಲಿಗೆ ಹೋಗಿ ನಿಲ್ಲುತ್ತಾಳೆ. ಯಾರೂ ಅವಳನ್ನು ಏನೂ ಅಂದಿಲ್ಲ. ಮಗನಂತೂ ಎಂದೂ ಅಂದವನಲ್ಲ.