ಟೈಲರಕ್ಕನ ಬ್ಯಾಟರಿ

ಕೊಲ್ಲಮೊಗ್ರಿನ ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಇಲ್ಲದ ಕಾಲದಲ್ಲಿ ವೈಫೈ ಇದ್ದದ್ದು ಟೈಲರಕ್ಕನ ಮನೆಯಲ್ಲಿ ಮಾತ್ರ. ಫೋನು ಮಾಡಬೇಕಾದವರೆಲ್ಲ ಅವರ ಜಗಲಿಗೇ ಹೋಗಬೇಕಿತ್ತು.

ಕರೆಂಟು ಹೋದ ಕೂಡಲೇ ಅಕ್ಕ ಎದ್ದು ಬಲ್ಬು, ಫ್ಯಾನು ಬಂದ್ ಮಾಡುತ್ತಿದ್ದರು. ಹೊಲಿಗೆ ಮೆಶಿನಿನ ಮೋಟಾರಿನ ಬೆಲ್ಟು ಕಳಚಿ ಕಾಲಿನಿಂದ ತುಳಿಯುವ ಬೆಲ್ಟು ಹಾಕುತ್ತಿದ್ದರು. ಇನ್ವರ್ಟರಿನ ಹಳೇ ಬ್ಯಾಟರಿಯಲ್ಲಿ ಇದ್ದದ್ದೆಲ್ಲ ವೈಫೈಯ ಮೋಡೆಮಿಗೆ. ಯಾರಾದರೂ ಸಂಕೋಚಪಟ್ಟರೆ ಒಂದೇ ಮಾತು: "ನನಗೆ ಕಾಲುಂಟು ಮಾರಾಯ್ರೆ, ಮೋಡೆಮಿಗೆ ಎಂತ ಉಂಟು?"

ಅಪ್ಪನಿಗೆ ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ದಿನ ಬೆಳಗ್ಗೆಯೇ ಕರೆಂಟು ಹೋಗಿತ್ತು. ಅಲ್ಲಿದ್ದ ಅಣ್ಣನ ಫೋನಿಗೆ ಕಾಯುತ್ತ ನಾನೂ ಅಮ್ಮನೂ ಆ ಜಗಲಿಯಲ್ಲಿ ಕೂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಇನ್ವರ್ಟರ್ ಕೀಂ ಕೀಂ ಎನ್ನತೊಡಗಿತು. ಅಕ್ಕ ಬಾಗಿಲ ಬೆಳಕಿಗೆ ಮೆಶಿನು ಎಳೆದುಕೊಂಡು ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದರು. ಫೋನು ರಿಂಗಾದದ್ದೇ ಅವರ ಕಾಲು ನಿಂತಿತು.

"ಒಳ್ಳೆದಾಯ್ತಂತೆ" ಎಂದು ಅಮ್ಮ ಅಲ್ಲೇ ಕಂಬಕ್ಕೆ ಒರಗಿದಳು. ಮೆಶಿನಿನ ಸದ್ದು ಮತ್ತೆ ಸುರುವಾಯಿತು, ಮೊದಲಿಗಿಂತ ಜೋರಾಗಿ.

ಈಗ ನಾನು ಪುತ್ತೂರಿನ ದರ್ಬೆಯಲ್ಲಿದ್ದೇನೆ. ಊರಿಗೆ ಟವರ್ ಬಂದಿದೆ. ಮೊನ್ನೆ ಹೋದಾಗ ಕರೆಂಟಿರಲಿಲ್ಲ. ಆದರೂ ಅಕ್ಕನ ಮನೆಯಲ್ಲಿ ಬಲ್ಬು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಮೆಶಿನು ಮೋಟಾರಿನಲ್ಲೇ ಓಡುತ್ತಿತ್ತು. ಜಗಲಿ ಖಾಲಿ.

"ಈಗ ಬ್ಯಾಟರಿ ಪೂರ್ತಿ ನನಗೇ" ಎಂದು ನಕ್ಕರು.

ಅವರ ಒಂದು ಕಾಲು ಮೋಟಾರಿನ ಪೆಡಲಿನ ಮೇಲಿತ್ತು. ಕೆಲಸವಿಲ್ಲದ ಇನ್ನೊಂದು ಕಾಲು ನೆಲವನ್ನು ತುಳಿಯುತ್ತಲೇ ಇತ್ತು.