ಟ್ರಂಕಿನೊಳಗಿನ ರೊಟ್ಟಿ

ರಾಯಾಪುರದ ಸತ್ಯವ್ವ ನಲವತ್ತು ವರ್ಷ ಮಂದಿಯ ಮನಿಯಾಗ, ಖಾನಾವಳಿಯಾಗ ರೊಟ್ಟಿ ಬಡಿದಾಕಿ. ಅಂಚು ಮುಗಿಸುವಾಗ ಆಕಿಯ ಹೆಬ್ಬೆರಳು ಒಂದು ಸಣ್ಣ ತಗ್ಗು ಬಿಡುತ್ತಿತ್ತು. ನೂರು ರೊಟ್ಟಿಯೊಳಗೆ ತನ್ನವು ಯಾವು ಅಂತ ಮುಟ್ಟಿಯೇ ಹೇಳುತ್ತಿದ್ದಳು. ಈಗ ಮನಿಯವರಿಗಷ್ಟೇ ಬಡಿಯುತ್ತಾಳೆ. ಮಗ, ಸೊಸಿ ಇಬ್ಬರೂ ಲಗೂನ ನೌಕರಿಗೆ ಹೋಗುವವರು. ಮೊಮ್ಮಗಳು ಸಂಘಮಿತ್ರಾಳ ಕಾಲೇಜಿನ ಡಬ್ಬಿ ಕಟ್ಟುವುದು ಆಯಿ ಸತ್ಯವ್ವನ ಕೆಲಸ. ಸಂಜಿಗೆ ಡಬ್ಬಿ ಖಾಲಿ ಬರುತ್ತಿತ್ತು. ರಾತ್ರಿ ಹುಡುಗಿ “ಓದೂದೈತಿ” ಅಂತ ತಾಟು ತನ್ನ ಖೋಲಿಗೆ ಒಯ್ಯುತ್ತಿದ್ದಳು. ಅದೂ ಖಾಲಿ ಬರುತ್ತಿತ್ತು. ಮುಖ ಸಣ್ಣಾಗಿದ್ದು ಕಂಡಿತ್ತು. ಓದಿನ ಭಾರ ಇರಬೇಕು ಅಂದುಕೊಂಡಿದ್ದಳು ಸತ್ಯವ್ವ.

ಪಂಚಮಿಗೆ ಎರಡು ದಿನ ಇರುವಾಗ ಬಳಿಗಾರ ಯಾಕೂಬಸಾಬ ಬಂದ. ಮೂವತ್ತು ವರ್ಷದಿಂದ ಆ ಓಣಿಗೆ ಬರುವವ ಅವನೇ.

“ಕೈ ಕೊಡು ಬೇಟಿ.”

“ನನಗ ಬ್ಯಾಡ್ರಿ ಕಾಕಾ,” ಅಂದಳು ಸಂಘಮಿತ್ರಾ. ಮುಂಗೈತನಕ ತೋಳಿದ್ದ ಸಡಿಲ ಅಂಗಿ ಹಾಕಿದ್ದಳು.

“ಹಬ್ಬದಾಗ ಬರಿಗೈಲೆ ಇರತಾರೇನ? ಇಡಸ್ಕೋ,” ಸತ್ಯವ್ವ ಗದರಿದಳು.

ಹುಡುಗಿ ತೋಳು ಸರಿಸಿ ಕೈ ಚಾಚಿದಳು. ಯಾಕೂಬಸಾಬ ಹೋದ ವರ್ಷದ ಅಳತೆಯ ಬಳಿ ತೆಗೆದ. ಹೋದ ವರ್ಷ ಅದು ಸಾಬೂನು ಹಚ್ಚಿದರೂ ಸರಳ ಏರಿರಲಿಲ್ಲ. ಆಗ ಸತ್ಯವ್ವನೇ ಓಣಿಯ ಹೆಣ್ಣುಮಕ್ಕಳ ಮುಂದೆ, “ನಮ್ಮ ಹುಡುಗಿದು ಕೈ ಅಲ್ಲೋ ಯಪ್ಪಾ, ಒನಕಿ!” ಅಂದಿದ್ದಳು. ಎಲ್ಲರೂ ಹೊಟ್ಟಿ ಹಿಡಿದು ನಕ್ಕಿದ್ದರು. ಹುಡುಗಿನೂ ನಕ್ಕಿದ್ದಳು.

ಈಗ ಅದೇ ಬಳಿ ಸುರ್ರನೆ ಮೊಣಕೈತನಕ ಜಾರಿತು. ಅದಕ್ಕಿಂತ ಎರಡಳತೆ ಸಣ್ಣದು ಏರಿಸಿದ. ಅದೂ ಜಾರಿತು. ಯಾಕೂಬಸಾಬ ಬಳಿ ತೆಗೆದು ಗಂಟಿಗೆ ಹಾಕಿದ. ತಲೆ ಎತ್ತಲಿಲ್ಲ.

“ಇವತ್ತ ನಾ ಬಳಿ ಇಡಂಗಿಲ್ರಿ ಅಕ್ಕಾರ. ಬರೇ ಎಲುವಿಗೆ ಬಳಿ ಇಡಾಕ ನನ್ನ ಕೈ ಏಳಂಗಿಲ್ಲ. ಮದಲ ಡಾಕ್ಟರಿಗೆ ತೋರಸ್ರಿ.”

ಹುಡುಗಿ ಸ್ನಾನಕ್ಕೆ ಹೋದದ್ದೇ ಸತ್ಯವ್ವ ಆಕಿಯ ಖೋಲಿಗೆ ಹೊಕ್ಕಳು. ಏನು ಹುಡುಕುತ್ತಿದ್ದೇನಿ ಅಂತ ಆಕಿಗೇ ಗೊತ್ತಿರಲಿಲ್ಲ. ಕಾಟಿನ ಕೆಳಗಿನ ಟ್ರಂಕು ತೆರೆದಳು. ಹಳೆಯ ಪುಸ್ತಕದ ಕೆಳಗೆ ಒಂದು ಓಢಣಿ ಗಂಟು. ಬಿಚ್ಚಿದರೆ ರೊಟ್ಟಿ. ಒಂದರ ಮೇಲೊಂದು, ಒಣಗಿ ಕಟಕಟಿ. ಚಪಾತಿ ಆಗಿದ್ದರೆ ಮೂರನೇ ದಿನಕ್ಕೆ ನಾತ ಬಿಟ್ಟು ಚಾಡಿ ಹೇಳುತ್ತಿತ್ತು. ಜೋಳದ ರೊಟ್ಟಿ, ಬಾಯಿ ಮುಚ್ಚಿಕೊಂಡು ಕೂತಿತ್ತು. ಎಣಿಸಿದಳು: ಅರವತ್ತಮೂರು. ಒಂದೊಂದರ ಅಂಚಿನ್ಯಾಗೂ ಆಕಿಯ ಹೆಬ್ಬೆರಳಿನ ತಗ್ಗು. ಎತ್ತಿದರೆ ಒಂದು ಮುರಿಯಿತು.

“ಆಯೀ…” ಬಾಗಿಲಲ್ಲಿ ಹುಡುಗಿ, ಒದ್ದಿ ಕೂದಲು.

“ಯಾರಿಗರೆ ಕೊಡಬಾರದಿತ್ತ?”

“ಡಬ್ಬಿ ಪಲ್ಯ ಗೆಳತ್ಯಾರಿಗೆ ಕೊಟ್ನಿ, ರಾತ್ರಿದು ಪಲ್ಯ ಅಷ್ಟ ತಿಂದ್ನಿ. ರೊಟ್ಟಿ ಕೊಟ್ಟರ ನೀ ಯಾಕ ತಿನ್ನಂಗಿಲ್ಲ ಅಂತಿದ್ರು. ಚೆಲ್ಲಾಕ ಮನಸ್ಸ ಬರಲಿಲ್ಲ. ನೀ ಬಡದ ರೊಟ್ಟಿ ಅವು.”

“ನಾ ಒನಕಿ ಅಂದದ್ದಕ್ಕ?”

“ನೀ ಅಂದಿದ್ದಕ್ಕಲ್ಲ. ಎಲ್ಲಾರೂ ನಕ್ಕರಲ್ಲ,” ಅಂದಳು. ಅಷ್ಟು ಹೇಳುವಷ್ಟರಲ್ಲಿ ತಲೆ ತಿರುಗಿ ಗ್ವಾಡಿ ಹಿಡಿದಳು. ಮೂರು ತಿಂಗಳಿಂದ ಹೊರಗಾಗಿಲ್ಲ ಅನ್ನುವುದೂ ಆಗಲೇ ಬಾಯಿಬಿಟ್ಟಳು. ಸೊಸಿಗೆ ಫೋನ್ ಮಾಡಬೇಕಂದರೆ ಸತ್ಯವ್ವನಿಗೆ ನಂಬರು ಸಿಗಲಿಲ್ಲ, ಹುಡುಗಿನೇ ಹಚ್ಚಿಕೊಟ್ಟಳು.

ಮರುದಿನ ಸೊಸಿ ರಜೆ ಹಾಕಿದಳು. ಮೂವರೂ ಸತ್ತೂರಿನ ದವಾಖಾನಿಗೆ ಹೋದರು. ಡಾಕ್ಟರ್‌ಬಾಯಿ ನಾಡಿ ಎರಡು ಸಲ ನೋಡಿದಳು. “ಎದಿಬಡಿತ ನಿಧಾನ ಆಗೇತಿ. ಇನ್ನೊಂದಿಷ್ಟು ದಿನ ಬಿಟ್ಟಿದ್ದರ ಇಲ್ಲೇ ಮಲಗಸ್ಕೋಬೇಕಾಗತಿತ್ತು.” ಮೈ ಬಿಗಿ ಆಗಲಿ ಅಂತ ಹುಡುಗಿ ಮುಂಜಾನೆ ಬರಿ ಹೊಟ್ಟಿಲೆ ಓಡುತ್ತಿದ್ದದ್ದನ್ನು ಕೇಳಿ ತಲೆ ಅಲ್ಲಾಡಿಸಿದಳು. “ಬರಿ ಹೊಟ್ಟಿಲೆ ಓಡಿದರ ಮೈ ಬಿಗಿ ಆಗಂಗಿಲ್ಲವ್ವಾ, ಸವೀತೈತಿ. ಹೊತ್ತಿಗೆ ಸರಿ ರೊಟ್ಟಿ, ಬ್ಯಾಳಿ, ತತ್ತಿ, ಶೇಂಗಾ. ಓಡೂದು ಸದ್ಯ ಬಂದ್. ವಾರಕ್ಕೊಮ್ಮೆ ನನ್ನ ಹಂತೇಕ ಬಾ. ನಾ ಹೂಂ ಅಂದ ಮ್ಯಾಲ ನಡಿ, ಆಡು, ಭಾರ ಎತ್ತು.”

“ತೋಳು ಮತ್ತ ದಪ್ಪ ಆಗತಾವೇನ್ರಿ?”

“ಗಟ್ಟಿ ಆಗತಾವ. ನಿಮ್ಮ ಆಯಿ ತೋಳ ನೋಡು.”

ಹುಡುಗಿ ನೋಡಿದಳು. ಸತ್ಯವ್ವ ನಾಚಿ ಸೆರಗು ಎಳೆದುಕೊಂಡಳು.

ಮನಿಗೆ ಬಂದು ಹಂಚು ಇಟ್ಟಳು. ಬಿಸಿ ರೊಟ್ಟಿ ಹುಡುಗಿಯ ತಾಟಿಗೂ ತನ್ನ ತಾಟಿಗೂ ಹಾಕಿ ಎದುರಿಗೇ ಕೂತಳು. ‘ಉಣ್ಣು’ ಅನ್ನಲಿಲ್ಲ. ಬಾಯಿಂದ ಇನ್ನೇನು ತಪ್ಪು ಮಾತು ಹೊರಬಿದ್ದೀತೋ ಅಂತ ಅಂಜಿಕೆ. ಒಂದು ರೊಟ್ಟಿಗೆ ಮುಕ್ಕಾಲು ತಾಸು ಹಿಡಿಯಿತು. ಕೊನೆಯ ತುತ್ತು ಹುಡುಗಿಯ ಕೈಯಾಗೇ ಇತ್ತು. ಹಂಗೇ ಎದ್ದು ಖೋಲಿಗೆ ಹೋದಳು.

ಸತ್ಯವ್ವ ತನ್ನ ತಾಟು ಮುಟ್ಟಿರಲಿಲ್ಲ. ಟ್ರಂಕಿನ ಚಿಲಕ ಸಪ್ಪಳಾದೀತೇ ಅಂತ ಕಾದು ಕೂತಳು. ಸಪ್ಪಳಾಗಲಿಲ್ಲ. ಆದರೂ ಕಿವಿ ಅತ್ತಕಡೆನೇ ಇಟ್ಟಿದ್ದಳು.