ಆರನೇ ಗುಮಟೆಯ ಹೊಸ್ತಿಲು

ಆಗ ನನಗೆ ಅರವತ್ತೆರಡು ವರ್ಷ. ಇದು ಮೂರು ವರ್ಷದ ಹಿಂದಿನ ಮಾತು.

ಹೊನ್ನಾವರದ ಪೇಟೆಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಶುರು ಮಾಡಿದ್ದು ಗಂಡ. ಅವನು ಒಂದು ಮದುವೆ ಚಪ್ಪರದಲ್ಲಿ ಕರೆಂಟ್ ಹೊಡೆದು ಸತ್ತ. ಸಾಮಾನು ಮಾರಿ ಮನೆಯಲ್ಲಿ ಕೂತುಕೋ ಎಂದು ಬುದ್ಧಿ ಹೇಳಲು ಬಂದವರಿಗೆ ಲೆಕ್ಕವಿಲ್ಲ. ನಾನು ಮಾರಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುತ್ತೇನೆ. ಇಂಗ್ಲಿಷ್ ಅಕ್ಷರಗಳನ್ನು ಚಿತ್ರದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ. ಅಷ್ಟರಲ್ಲೇ ಮಿಕ್ಸರ್ ಕಲಿತೆ, ಆಂಪ್ಲಿಫೈಯರ್ ಬಿಚ್ಚಿ ಬೆಸುಗೆ ಹಾಕುವುದನ್ನು ಕಲಿತೆ. ಟ್ರಿಗರ್ ಪೆಟ್ಟಿಗೆ ಕಲಿತದ್ದು ಎಲ್ಲಕ್ಕಿಂತ ಕೊನೆಗೆ.

ಆ ಪೆಟ್ಟಿಗೆ ನನ್ನ ಅಂಗಡಿಗೆ ಬಂದದ್ದು ಗಣಪತಿಯಿಂದ. ಅವನು ಕುಮಟಾ ಹತ್ತಿರದ ಬಾಡದವನು, ದೋಣಿಯ ಇಂಜಿನ್ ರಿಪೇರಿ ಮಾಡುತ್ತಾನೆ. ಬಾಡದ ಗುಮಟೆ ತಂಡದ ವ್ಯವಹಾರವೆಲ್ಲ ಅವನ ಕೈಯಲ್ಲಿತ್ತು. ತಂಡದ ಯಜಮಾನ ಮಾತ್ರ ಅವನ ಮಾವ, ಹೆಂಡತಿಯ ಅಪ್ಪ, ಮಾಸ್ತಿ. ಆಗ ಎಪ್ಪತ್ತು ದಾಟಿದ್ದ. ಅವನ ಅಪ್ಪನ ಕಾಲದ ತಂಡ ಅದು.

ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದೇ ಇರುತ್ತದೆ. ಬಲಗೈ ಚರ್ಮಕ್ಕೆ ಹೊಡೆಯುತ್ತದೆ. ಎಡ ಅಂಗೈ ಸಣ್ಣ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ನಾದವನ್ನು ಬಗ್ಗಿಸುತ್ತದೆ. ಹಿಂದೆ ಇದಕ್ಕೆ ಉಡದ ಚರ್ಮ ಹಾಕುತ್ತಿದ್ದರು. ಈಗ ಉಡ ಮುಟ್ಟಿದರೆ ಅರಣ್ಯದವರು ಕೇಸು ಹಾಕುತ್ತಾರೆ. ಆಡಿನ ಚರ್ಮ ನಮ್ಮ ಕರಾವಳಿಯ ಹಸಿ ಗಾಳಿಗೆ ಸಡಿಲ ಬೀಳುತ್ತದೆ, ಗಳಿಗೆಗೊಮ್ಮೆ ಬೆಂಕಿಗೆ ಹಿಡಿದು ಕಾಯಿಸಬೇಕು. ಸಭಾಭವನದ ಒಳಗೆ ಬೆಂಕಿ ಹಾಕಲು ಯಾರು ಬಿಡುತ್ತಾರೆ?

ಅದಕ್ಕೆ ಗಣಪತಿ ಉಪಾಯ ಮಾಡಿದ್ದ. ಗುಮಟೆಗೆ ಪ್ಲಾಸ್ಟಿಕ್ ಹಾಳೆ ಬಿಗಿಯುವುದು, ಅದಕ್ಕೆ ನಾಣ್ಯದಷ್ಟು ದೊಡ್ಡ ಸೆನ್ಸರ್ ಅಂಟಿಸುವುದು. ಪೆಟ್ಟು ಬಿದ್ದರೆ ಸೆನ್ಸರಿನಿಂದ ವಯರಿನಲ್ಲಿ ಪೆಟ್ಟಿಗೆಗೆ ಸುದ್ದಿ ಹೋಗುತ್ತದೆ. ಪೆಟ್ಟಿಗೆ ತನ್ನೊಳಗೆ ತುಂಬಿಟ್ಟ ಸಪ್ಪಳವನ್ನು ಸ್ಪೀಕರಿಗೆ ಬಿಡುತ್ತದೆ. ಹೊಡೆಯುವುದು ಪ್ಲಾಸ್ಟಿಕ್ಕಿಗೆ, ಕೇಳುವುದು ಉಡದ ಚರ್ಮ.

ಭಟ್ಕಳದಲ್ಲಿ ದುಬೈ ಸಾಮಾನು ಮಾರುವ ಅಂಗಡಿಯಿಂದ ಪೆಟ್ಟಿಗೆ ತಂದೆವು. ಎಂಟು ತೂತಿನದು, ಎಂಟು ವಾದ್ಯಕ್ಕಾಗುತ್ತದೆ. ಅಂಗಡಿಯವನು ಒಳ್ಳೆಯವನು. ಪರದೆಯ ಮೇಲಿನ ಒಂದೊಂದು ಮಾತನ್ನೂ ನನಗೆ ಬಿಡಿಸಿ ಹೇಳಿದ. ಒಂದೇ ಪೆಟ್ಟು ಎರಡು ಸಲ ಕೇಳುವುದಕ್ಕೆ ರಿಟ್ರಿಗರ್. ಒಂದಕ್ಕೆ ಹೊಡೆದರೆ ಪಕ್ಕದ್ದೂ ಬಾಯಿ ಬಿಡುವುದಕ್ಕೆ ಕ್ರಾಸ್‌ಟಾಕ್. ನಾನು ಅದನ್ನು ನೆರೆಮನೆ ಜಗಳ ಎಂದು ಗುರುತಿಟ್ಟುಕೊಂಡೆ.

"ಈ ಥ್ರೆಶೋಲ್ಡ್ ಅಂದ್ರೆ ಎಂತ?" ಎಂದು ಕೇಳಿದೆ.

"ದಹಲೀಜ್, ಅಮ್ಮಾ. ಬಾಗ್ಲದ್ದು ಹೊಸ್ತಿಲು. ಸೊನ್ನೆಯಿಂದ ಮೂವತ್ತೊಂದರ ತನಕ ಎತ್ರ ಮಾಡ್ಬಹುದು. ಅದನ್ನ ದಾಟಿದ ಪೆಟ್ಟು ಒಳಗೆ ಬರ್ತದೆ, ದಾಟದ್ದು ಹೊರಗೇ."

ಇದರಷ್ಟು ಸಲೀಸಾಗಿ ಯಾವ ಮಾತೂ ನನ್ನ ತಲೆಗೆ ಹೋಗಿರಲಿಲ್ಲ.

ಸಪ್ಪಳ ತುಂಬಲು ಉಡದ ಚರ್ಮದ ಹಳೆಯ ಗುಮಟೆ ಬೇಕಾಯಿತು. ಅದು ಇದ್ದದ್ದು ಮಾಸ್ತಿಯ ಮನೆಯಲ್ಲಿ ಮಾತ್ರ, ಮಂಚದ ಕೆಳಗೆ, ಹಳೆಯ ಸೀರೆಯಲ್ಲಿ ಸುತ್ತಿಟ್ಟದ್ದು. ಅದನ್ನು ಹೊತ್ತುಕೊಂಡು ಅವನೇ ನನ್ನ ಅಂಗಡಿಗೆ ಬಂದ. ನನ್ನ ಗಂಡ ಸತ್ತ ಮೇಲೆ ಅವನು ಈ ಬಾಗಿಲು ತುಳಿದದ್ದು ಅದೇ ಮೊದಲು. "ಹೆಂಗ್ಸು ಕಟ್ಟಿದ ಮೈಕಿನ ಎದ್ರಿಗೆ ನಾ ಕೂರೂದಿಲ್ಲ" ಎಂದು ಸೂತಕದ ಮನೆಯಲ್ಲೇ ಹೇಳಿ ಹೋದವನು. ಆಮೇಲೆ ಹನ್ನೊಂದು ವರ್ಷ ಅವನ ತಂಡಕ್ಕೆ ಬೇರೆ ಅಂಗಡಿಯ ಮೈಕ್.

"ಎಲ್ಲಿ ಕೂರಲೇ ಮಾದೇವಿ?" ಎಂದ.

"ಮೈಕಿನ ಎದ್ರಿಗೆ, ಮಾಸ್ತಣ್ಣ. ಹೆಂಗ್ಸು ಕಟ್ಟಿದ್ದೇ."

ನಕ್ಕ. ಹಲ್ಲಿರಲಿಲ್ಲ. ಅವನ ಬಲಗೈಯ ಮೂರು ಬೆರಳು ಸೆಟೆದಿದ್ದವು. ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಮುರಿದದ್ದು. ಆ ಕೈಯಿಂದ ಜೋರು ಪೆಟ್ಟು ಬರುವುದಿಲ್ಲ. ಎಡಗೈ ಮಾತ್ರ ಹಾವಿನ ಹಾಗೆ ಆಡುತ್ತಿತ್ತು. ಮೆಲ್ಲಗೆ ತಟ್ಟಿ ಎಡಗೈ ತೆಗೆದರೆ ಧೀಂ ಎಂದು ಕಪಾಟಿನ ಗಾಜು ಅದುರುತ್ತಿತ್ತು. ಹನ್ನೆರಡು ಪೆಟ್ಟು ಮೈಕಿನಲ್ಲಿ ಹಿಡಿದೆ. ಮೆಮರಿ ಕಾರ್ಡಿನಿಂದ ಪೆಟ್ಟಿಗೆಗೆ ಹಾಕಿದೆ.

"ಇದ್ನ ದಿಲ್ಲಿಗೆ ತಕಂಡು ಹೋಗ್ತಾರನಾ?" ಎಂದು ಕೇಳಿದ.

ಕುಮಟಾದಲ್ಲಿ ಒಂದು ಆಯ್ಕೆ ಇತ್ತು. ಅದರಲ್ಲಿ ಗೆದ್ದ ತಂಡಕ್ಕೆ ಜನವರಿಯಲ್ಲಿ ದಿಲ್ಲಿಯಲ್ಲಿ ನುಡಿಸುವ ಅವಕಾಶ. ಮಾಸ್ತಿ ಹುಬ್ಬಳ್ಳಿ ದಾಟಿದವನಲ್ಲ. ದಿಲ್ಲಿಯಲ್ಲಿ ಚಳಿಗೆ ಮೂಗು ಉದುರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಆಗಲೇ ಸ್ವೆಟರ್ ಕೊಂಡಿದ್ದ, ನೀಲಿ ಬಣ್ಣದ್ದು. ಆ ದಿನವೇ ಚೀಲದಿಂದ ತೆಗೆದು ನನಗೆ ತೋರಿಸಿದ. ಅವನು ಹೋಗಲೇಬೇಕು ಎಂದುಕೊಂಡಿದ್ದ. ಬೇರೆ ಏನೂ ಅವನಿಗೆ ಬೇಕಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ, ಆಯ್ಕೆಗೆ ಎರಡು ದಿನ ಇರುವಾಗ, ಬಾಡದ ಒಂದು ಅಂಗಳದಲ್ಲಿ ಮಧ್ಯಾಹ್ನ ಪೆಟ್ಟಿಗೆ ಜೋಡಿಸಿದೆ. ಆರು ಗುಮಟೆ, ಆರು ಸೆನ್ಸರ್. ನಾಲ್ವರು ಹಾಡುವವರು. ಒಂದನೇ ಗುಮಟೆಗೆ ಗಣಪತಿ ಕೂತ, ಆರನೆಯದಕ್ಕೆ ಮಾಸ್ತಿ.

ಶುರು ಮಾಡಿದ ಕೂಡಲೇ ಗಲಾಟೆ. ಸ್ಪೀಕರಿನ ಗುಡುಗಿಗೆ ಸೆನ್ಸರ್‌ಗಳು ತಾವೇ ನಡುಗಿ, ಯಾರೂ ಹೊಡೆಯದೆ ಗುಮಟೆ ಕೂಗುತ್ತಿತ್ತು. ಕಾಲು ಕುಣಿಸಿದರೂ ಕೂಗುತ್ತಿತ್ತು. ಹೊಸ್ತಿಲು ನಾಲ್ಕರಲ್ಲಿತ್ತು. ಗಣಪತಿಗೆ ಗುಮಟೆ ಹೊಡೆಯಲು ಹೇಳಿ, ಅವನ ಕೈ ನೋಡಿ, ಒಂದೊಂದೇ ಏರಿಸುತ್ತ ಬಂದೆ. ಹದಿನೆಂಟಕ್ಕೆ ಬಂದಾಗ ಗಲಾಟೆ ನಿಂತಿತು. ಆರೂ ತೂತಿಗೆ ಹದಿನೆಂಟೇ ಇಟ್ಟೆ.

ಹಾಡು ಎತ್ತಿದರು. ಐದು ಗುಮಟೆ ಗಣಗಣ ನುಡಿದವು. ಆರನೆಯದು ಮೂಕ.

ಮಾಸ್ತಿ ತಟ್ಟಿದ. ಇಲ್ಲ. ಇನ್ನೊಮ್ಮೆ ತಟ್ಟಿದ. ಇಲ್ಲ. ಪಕ್ಕದವನು ಹೊಡೆದರೆ ಸ್ಪೀಕರಿನಲ್ಲಿ ಮಾಸ್ತಿಯ ಧೀಂ. ಅದರಾಚೆಯವನು ಹೊಡೆದರೂ ಮಾಸ್ತಿಯ ಧೀಂ. ಮಾಸ್ತಿ ಹೊಡೆದರೆ ಮಾತ್ರ ಪ್ಲಾಸ್ಟಿಕ್ಕಿನ ಟಪ್.

"ಮಾಸ್ತಣ್ಣನ ಗುಮಟೆಗೆ ಇವತ್ತು ಏಕಾದಶಿ ಉಪಾಸ ಕಾಣ್ತದೆ" ಎಂದು ಒಬ್ಬ ಹೇಳಿದ. ಎಲ್ಲ ನಕ್ಕರು. ಮಾಸ್ತಿಯೂ ನಕ್ಕ.

"ನೋಡಲೇ ಮಾದೇವಿ, ವಯರ್ ಬಿಟ್ಟದ್ಯಾ ಏನ?" ಎಂದ.

ವಯರ್ ಬಿಟ್ಟಿರಲಿಲ್ಲ. ಆರನೇ ತೂತನ್ನು ಒಂಬತ್ತಕ್ಕೆ ಇಳಿಸಿ ನೋಡಿದೆ. ನುಡಿಯಿತು, ಆದರೆ ಸ್ಪೀಕರಿನ ಗುಡುಗನ್ನೂ ಒಳಗೆ ಬಿಟ್ಟಿತು. ದಾರಿ ಇತ್ತು. ಅವನನ್ನು ಸ್ಪೀಕರಿನಿಂದ ದೂರ ಆಚೆ ತುದಿಗೆ ಕೂರಿಸುವುದು, ತೊಡೆಯ ಮೇಲೆ ದಪ್ಪ ಕಂಬಳಿ ಹಾಕಿ ಗುಮಟೆ ಇಡುವುದು, ಅವನೊಬ್ಬನ ಹೊಸ್ತಿಲು ಒಂಬತ್ತಕ್ಕೆ ಇಡುವುದು. ಕಾಲು ಗಂಟೆಯ ಕೆಲಸ.

ಗಣಪತಿಯನ್ನು ಬಾವಿಕಟ್ಟೆಯ ಹತ್ತಿರ ಕರೆದು ಹೇಳಿದೆ. ಅವನು ಮಾವನ ಕಡೆಗೆ ತಿರುಗಿಯೂ ನೋಡಲಿಲ್ಲ.

"ಬೇಡ ಮಾದೇವಕ್ಕ. ಎಲ್ರಿಗೂ ಹದಿನೆಂಟೇ ಇರ್ಲಿ."

"ಅವ್ರದ್ದು ಕೇಳೂದಿಲ್ಲ, ಮಾರಾಯ."

"ದಿಲ್ಲಿಗೆ ಒಂಬತ್ತೇ ಜನ. ನಾವು ಹತ್ತು. ಬರ್ಬೇಡಿ ಅಂತ ನಾ ಹೇಳಿದ್ರೆ ಮನೇಲಿ ಹೆಂಡ್ತಿ ಅನ್ನ ಹಾಕೂದಿಲ್ಲ. ಪೆಟ್ಟಿಗೆನೇ ಹೇಳ್ಲಿ."

ಕೆಲಸ ಕೊಟ್ಟವನು ಅವನು. ಮುಂದಿನ ಕೆಲಸ ಕೊಡುವವನೂ ಅವನೇ. ಸೂತಕದ ಮನೆಯಲ್ಲಿ ಕೇಳಿದ ಮಾತೂ ನನಗೆ ನೆನಪಿತ್ತು. ಇವುಗಳಲ್ಲಿ ಯಾವುದು ಹೆಚ್ಚು ತೂಗಿತು ಎಂದು ನಾನು ಅಳೆದಿಲ್ಲ. ಹೋಗಿ ಆರನೆಯದನ್ನು ಮತ್ತೆ ಹದಿನೆಂಟಕ್ಕೆ ಏರಿಸಿದೆ.

"ಎಂತ ಆಗಿದೆ?" ಎಂದು ಮಾಸ್ತಿ ಕೇಳಿದ.

"ಪೆಟ್ಟಿಗೆಗೆ ಎಂತ ಆಗ್ಲಿಲ್ಲ. ನಿಮ್ಮ ಕೈ ಸಾಲೂದಿಲ್ಲ, ಮಾಸ್ತಣ್ಣ."

ಮಗ್ಗುಲಲ್ಲಿ ಗಣಪತಿ ಇದ್ದ. "ಮಾವ, ಬಿಡಿ, ನೀವು ಹಾಡಿಗೆ ದನಿ ಸೇರ್ಸಿ ಸಾಕು" ಎಂದ. ಅವನ ಮಾತಿನಲ್ಲಿ ಎಷ್ಟು ಬೆಣ್ಣೆ ಇತ್ತೆಂದರೆ ನನಗೇ ಹೇಸಿಗೆಯಾಯಿತು.

"ಕೈ ಸಾಲ್ದಿದ್ರೆ ಸಾಲ್ವಷ್ಟು ಮಾಡ್ತೆ" ಎಂದ ಮಾಸ್ತಿ. ಮರುದಿನವಿಡೀ ಒಂದು ಹಲಗೆಗೆ ಹೊಡೆದು ಕೈ ಪಳಗಿಸಿದನಂತೆ. ಮಗಳು ಎಣ್ಣೆ ತಿಕ್ಕಿದಳಂತೆ.

ಆಯ್ಕೆ ನಡೆದದ್ದು ಕುಮಟಾದ ಒಂದು ಸಭಾಭವನದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮುಂದಿನ ಸಾಲಿನಲ್ಲಿ ಮೂವರು ಆಯ್ಕೆ ಮಾಡುವವರು. ನಾನು ವೇದಿಕೆಯ ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಪರದೆಯ ಮೇಲೆ ಎಂಟು ಸಣ್ಣ ಕಂಬಗಳು ಕಾಣುತ್ತವೆ. ಯಾವ ತೂತಿಗೆ ಪೆಟ್ಟು ಬಂದರೂ ಅದರ ಕಂಬ ಏಳುತ್ತದೆ. ಮಾಸ್ತಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ.

ಹಾಡು ಶುರುವಾಯಿತು. ಐದು ಕಂಬ ಕುಣಿದವು. ಆರನೆಯದು ಹುಲ್ಲಿನಷ್ಟು ಎದ್ದು ಮಲಗುತ್ತಿತ್ತು. ಹತ್ತು, ಹನ್ನೆರಡು, ಹದಿಮೂರು. ನನಗೆ ಲೆಕ್ಕ ಕಾಣುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಎರಡನೇ ಹಾಡಿಗೆ ಹದಿನಾರು ಮುಟ್ಟಿದ. ಎರಡು ಬೆರಳು ಒತ್ತಿದ್ದರೆ ನಾನು ಅಲ್ಲೇ, ಆಗಲೇ, ಇಳಿಸಬಹುದಿತ್ತು. ಕೈ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಮೂರನೇ ಹಾಡಿಗೆ ಅವನು ಸಣ್ಣ ಬಾಯಿಯಿಂದ ಎಡಗೈ ತೆಗೆದುಬಿಟ್ಟ. ಆ ಕೈಯ ಆಟವೇ ಆ ಮನುಷ್ಯನ ಇಡೀ ವಿದ್ಯೆ. ಆದರೆ ಪೆಟ್ಟಿಗೆಗೆ ಎಡಗೈಯ ಸುದ್ದಿಯೇ ಹೋಗುವುದಿಲ್ಲ, ಅದು ಅವನಿಗೂ ಅಷ್ಟೊತ್ತಿಗೆ ತಿಳಿದಿರಬೇಕು. ಎಡಗೈಯಲ್ಲಿ ಮಡಕೆಯ ಕುತ್ತಿಗೆ ಹಿಡಿದು, ಬಲ ಅಂಗೈಯ ಬುಡದಿಂದ, ಮೀನು ಕೊಚ್ಚುವ ಹಾಗೆ ಹೊಡೆದ. ಒಂದು. ಎರಡು. ಮೂರನೆಯದಕ್ಕೆ ಮಡಕೆ ಅವನ ತೊಡೆಯ ಮೇಲೆ ಒಡೆಯಿತು.

ಮಡಕೆ ಒಡೆದ ಏಟಿಗೆ ಆರನೇ ಕಂಬ ತುದಿಯವರೆಗೆ ಎದ್ದಿತು. ಸ್ಪೀಕರಿನಲ್ಲಿ ಅವನದೇ ಧೀಂ ಬಂತು, ತಾಳಕ್ಕೆ ಅಡ್ಡವಾಗಿ, ಎಲ್ಲಕ್ಕಿಂತ ಜೋರಾಗಿ. ಆರನೇ ಗುಮಟೆ ನುಡಿದದ್ದು ಅದೊಂದೇ ಸಲ.

ಹಾಡು ನಿಲ್ಲಲಿಲ್ಲ. ಗಣಪತಿ ಕಣ್ಣಲ್ಲೇ ಉಳಿದವರನ್ನು ಹಿಡಿದಿಟ್ಟ. ಐದು ಗುಮಟೆಯಲ್ಲಿ ಮಾಸ್ತಿಯ ನಾದ ತುಂಬಿ ಹರಿಯುತ್ತಿತ್ತು. ಮಾಸ್ತಿ ಮಡಿಲಿನಲ್ಲಿ ಒಡೆದ ಮಡಕೆಯ ಬೋಕಿ ಇಟ್ಟುಕೊಂಡು ಹಾಡು ಮುಗಿಯುವವರೆಗೆ ನೆಟ್ಟಗೆ ಕೂತಿದ್ದ. ತೊಡೆಯಿಂದ ರಕ್ತ ಪಂಚೆಗೆ ಇಳಿಯುತ್ತಿತ್ತು. ಆಯ್ಕೆ ಮಾಡುವ ಮೂವರಲ್ಲಿ ಒಬ್ಬರು ಆಮೇಲೆ ಮೈಕಿನಲ್ಲಿ, ನಾದ ಬಹಳ ಹಳೆಯದು, ಅಪ್ಪಟವಾದದ್ದು, ಎಂದು ಹೊಗಳಿದರು. ತಂಡ ಆಯ್ಕೆಯಾಯಿತು.

ನಾನು ವಯರ್ ಸುತ್ತುತ್ತಿದ್ದಾಗ ಮಾಸ್ತಿ ಕುಂಟುತ್ತ ಬಂದ. ತೊಡೆಗೆ ಟವೆಲ್ ಕಟ್ಟಿದ್ದ.

"ಮಾದೇವಿ, ನಂಗೆ ಎಷ್ಟಕ್ಕೆ ಇಟ್ಟಿದ್ದೆ?"

"ಹದಿನೆಂಟು."

"ಬಾಕಿಯವ್ರಿಗೆ?"

"ಅಷ್ಟೇ."

"ಒಬ್ಬೊಬ್ಬರಿಗೆ ಬೇರೆ ಬೇರೆ ಇಡೂಕೆ ಬತ್ತದ್ಯಾ?"

ಸುಳ್ಳು ಹೇಳಬಹುದಿತ್ತು. "ಬತ್ತದೆ" ಎಂದೆ.

"ಹಂಗಾ." ಪೆಟ್ಟಿಗೆಗೆ ಕೈ ತೋರಿಸಿದ. "ಹಂಗಾರೆ ಅದ್ರೊಳಗಿದ್ದ ನನ್ನ ಸಪ್ಪಳ ತೆಗ್ದು ಬಿಡು."

"ಪೆಟ್ಟಿಗೆ ಗಣಪತಿದು, ಮಾಸ್ತಣ್ಣ. ಅಂವ ಹೇಳ್ಬೇಕು."

"ಸಪ್ಪಳ ಯಾರದ್ದೇ?"

ನಾನು ವಯರ್ ಸುತ್ತಿದೆ. ಅಷ್ಟರಲ್ಲಿ ಗಣಪತಿ ಬಂದ. ಮಾಸ್ತಿ ಕೈಚೀಲದಿಂದ ನೀಲಿ ಸ್ವೆಟರ್ ತೆಗೆದು ಅಳಿಯನ ಎದೆಗೆ ಒತ್ತಿದ.

"ತಕ. ನಿಂಗೆ ಆತದೆ. ದಿಲ್ಲಿ ಚಳಿ."

ಗಣಪತಿ ತೆಗೆದುಕೊಂಡ. ಹೆಗಲಿಗೆ ಹಿಡಿದು ಅಳತೆಯನ್ನೂ ನೋಡಿದ.

ಈ ಕೆಲಸ ನನಗೆ ಕಲಿಸಿದ್ದು ಒಂದೇ, ಅದನ್ನೇ ಹೇಳುತ್ತೇನೆ. ಈಗ ಯಾವ ತಂಡ ಬಂದರೂ ನಿಮ್ಮಲ್ಲಿ ಎಲ್ಲರಿಗಿಂತ ಮೆತ್ತಗೆ ಹೊಡೆಯುವವರು ಯಾರು ಎಂದು ಮೊದಲು ಕೇಳುತ್ತೇನೆ. ಅವರನ್ನು ಒಂದನೇ ತೂತಿಗೆ ಕೂರಿಸಿ, ಅವರ ಕೈಗೆ ಹೊಸ್ತಿಲು ಇಟ್ಟು, ಆಮೇಲೆ ಉಳಿದವರದ್ದು. ಬಲವಾದ ಕೈಯಿಂದ ಶುರು ಮಾಡಿದರೆ ಪೆಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ, ಯಾರಿಗೂ ತಪ್ಪು ಕಾಣುವುದಿಲ್ಲ. ಅದರ ತೊಂದರೆಯೇ ಅದು. ಮಾಸ್ತಿ ಆಮೇಲೆ ಗುಮಟೆ ಮುಟ್ಟಲಿಲ್ಲ. ಮುಂದಿನ ಮಳೆಗಾಲದಲ್ಲಿ ಸತ್ತ. ನಾನು ಮಣ್ಣಿಗೆ ಹೋಗಲಿಲ್ಲ.

ಆಯ್ಕೆಯ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿ ತೆರೆದೆ. ಗಣಪತಿ ಹತ್ತಕ್ಕೆ ಬಂದು ಪೆಟ್ಟಿಗೆ ಒಯ್ಯುವವನಿದ್ದ. ಆರನೇ ಸೆನ್ಸರನ್ನು ಒಂದು ಸ್ಟೀಲ್ ತಟ್ಟೆಗೆ ಅಂಟಿಸಿ ವಯರ್ ಸಿಕ್ಕಿಸಿದೆ. ಹೊಸ್ತಿಲನ್ನು ಒಂಬತ್ತಕ್ಕೆ ಇಳಿಸಿದೆ. ಕಿರುಬೆರಳಿನಿಂದ ಒಮ್ಮೆ ತಟ್ಟಿದೆ. ಧೀಂ ಎಂದಿತು, ಕಪಾಟಿನ ಗಾಜು ಅದುರಿತು. ಗಡಿಯಾರ ನೋಡಿದೆ. ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿದಿತ್ತು.

ಆಮೇಲೆ ಸೆನ್ಸರ್ ಕಿತ್ತೆ. ಯಾರೂ ಕೂರದ ತೂತನ್ನು ತಗ್ಗಿನಲ್ಲಿ ಬಿಟ್ಟರೆ ಸುಮ್ಮನೆ ಗಲಾಟೆ ಮಾಡುತ್ತದೆ. ಅದನ್ನು ಪೂರ್ತಿ ಎತ್ತರಕ್ಕೆ ಇಡುವುದು ಕೆಲಸದ ಕ್ರಮ. ಮೂವತ್ತೊಂದಕ್ಕೆ ಏರಿಸಿ, ಪೆಟ್ಟಿಗೆ ಕಟ್ಟಿ, ಬಾಗಿಲ ಹತ್ತಿರ ಇಟ್ಟೆ.